ಅಪ್‌ಡೇಟ್: ಅಜ್ಜಿಯ ಹಚ್ಚೆ ಹಾಕಿಸಿಕೊಂಡೆ

ಅಜ್ಜಿಯ ಮುಂಗೈ ಮೇಲಿದ್ದ ಹಚ್ಚೆಯ ಚಿತ್ತಾರವನ್ನೇ ಹಾಕಿಸಿಕೊಳ್ಳಲೇ, ಇಲ್ಲಾ ಅವರ ಹೆಸರು ಬರೆಸಲೇ ಅಂತ ಕೇಳಿದ್ದೆನಲ್ಲ, ಚಿತ್ತಾರವೇ ಗೆದ್ದಿತು. ಹೆಸರು ಬೇಡ ಅಂದವರೇ ಹೆಚ್ಚು ಜನ.

ಕಷ್ಟವಾಗಿದ್ದು ನಮೂನೆ ಹಿಡಿಯೋದು. ಫೋಟೋದಲ್ಲಿ ಗೆರೆಗಳೆಲ್ಲ ಕಲೆತುಹೋಗಿದ್ದವು. ಕೊನೆಗೆ ಸೋದರತ್ತೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಚುಕ್ಕಿ ಇಟ್ಟು ತೋರಿಸಿದರು. (ಅವರಿಗೂ ಅಪ್ಪನಿಗೂ ಒಂದು ಚುಕ್ಕಿಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ.) ಟ್ಯಾಟೂ ಹಾಕುವವರು ಚುಕ್ಕಿಗಳ ನಡುವೆ ಇನ್ನಷ್ಟು ಜಾಗ ಬಿಟ್ಟರು. ಚರ್ಮದೊಳಗೆ ಶಾಯಿ ವರ್ಷ ಕಳೆದಂತೆ ಹರಡುತ್ತದೆ, ಒತ್ತಾಗಿದ್ದರೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅಜ್ಜಿಯದರಂತೆ ಹಸಿರು ಬೇಕು ಅಂದಿದ್ದಕ್ಕೆ ಕಪ್ಪೇ ಸಾಕು ಅಂದರು. ಕಪ್ಪು ಮಸಿಯೇ ಚರ್ಮದ ಒಳಪದರದಲ್ಲಿ ಕೂತು ನೀಲಿ-ಹಸಿರಾಗಿ ಕಾಣುವುದಂತೆ.

ನೋವು? ಮಣಿಕಟ್ಟಿನ ಹತ್ತಿರ ಚುರುಕ್ಕೆಂದಿತು, ಉಳಿದದ್ದು ತಡೆದುಕೊಳ್ಳಬಹುದು. ಸಿಪ್ಪೆ ಏಳುವಾಗಿನ ತುರಿಕೆಯೇ ದೊಡ್ಡ ಶಿಕ್ಷೆ. ಅಮ್ಮ ಅರಿಶಿನ ಹಿಡಿದು ಹಿಂದೆಯೇ ಓಡಾಡಿದರು, ಹಚ್ಚಲು ಬಿಡಲಿಲ್ಲ. ಸೋಪು, ನೀರು, ವಾಸನೆಯಿಲ್ಲದ ಮುಲಾಮು, ಅಷ್ಟೇ.

ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಸಿ ಅಂತ ಹೇಳಿದವರಿಗೆ ಥ್ಯಾಂಕ್ಸ್, ಹಾಗೇ ಮಾಡಿಸಿದೆ. ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ: ನಮ್ಮ ದೇಶದ ನಿಯಮದಂತೆ ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ನಿಯಮಿತವಾಗಿ ಕೊಡುವವರು ಮೊದಲು ಕೊಟ್ಟು ಬಂದು ಆಮೇಲೆ ಹಾಕಿಸಿಕೊಳ್ಳಿ.