ಭಾನುವಾರದ ಪ್ರಶ್ನೋತ್ತರ: ಅರ್ಕಾವತಿ ಕಣಿವೆಯ ನೀರು

ಯಲಹಂಕದ ಸದಸ್ಯ: ನಮಸ್ಕಾರ ಸರ್. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹರಿವು ಕುಗ್ಗಿದ್ದು ಮಳೆ ಕಡಿಮೆಯಾಗಿಯೇ?

ಜಲತಜ್ಞ: ನಮಸ್ಕಾರ. ಮಳೆಯನ್ನು ದೂರಬೇಡಿ, ಅದು ಅಷ್ಟೇನೂ ಕುಸಿದಿಲ್ಲ. 1894ರ ಹೆಸರಘಟ್ಟ ಜಲಾಶಯವಾಗಲಿ 1933ರ ತಿಪ್ಪಗೊಂಡನಹಳ್ಳಿಯಾಗಲಿ, ಮಳೆ ನಿಂತ ಮೇಲೂ ಹಳ್ಳಗಳಲ್ಲಿ ಒಸರುತ್ತಿದ್ದ ನೀರು ಅವುಗಳಿಗೆ ಆಸರೆಯಾಗಿತ್ತು. ಕೊಳವೆಬಾವಿಗಳಿಂದ ಅಂತರ್ಜಲ ಹಳ್ಳದ ತಳಕ್ಕಿಂತ ಬಹಳ ಕೆಳಗಿಳಿದಿದೆ. ಈಗ ಹಳ್ಳಕ್ಕೆ ಬಂದ ನೀರನ್ನೇ ನೆಲ ಕುಡಿಯುತ್ತದೆ. ನೆಲದ ನೀರು ಹೀರಲು ನೀಲಗಿರಿ ತೋಪುಗಳೂ ಸೇರಿಕೊಂಡವು.

ವಿಜಯನಗರದ ಸದಸ್ಯೆ: ಆರ್‌ಒ ನೀರು ಕುಡಿಯಬಹುದೇ ಸರ್?

ಜಲತಜ್ಞ: ಕೊಳವೆಬಾವಿ ನೀರು ಕೆಟ್ಟಿದ್ದರೆ ಬಳಸಿ. ಕಾವೇರಿ ನೀರು ಬರುವ ಮನೆಗೆ ಸಾಮಾನ್ಯವಾಗಿ ಬೇಕಿಲ್ಲ.

ಮಾಗಡಿ ರಸ್ತೆಯ ಸದಸ್ಯ: 2003ರ ಸರ್ಕಾರಿ ಆದೇಶದಲ್ಲಿ ಜಲಾಶಯದ ಸುತ್ತ ನಿರ್ಬಂಧವಿದೆಯಂತೆ. ನಾನು ಕೊಂಡಿರುವ ಸೈಟು ಅದರೊಳಗೆ ಬರುತ್ತದೆಯೇ?

ದೊಡ್ಡಬಳ್ಳಾಪುರ ಕಡೆಯ ಸದಸ್ಯೆ: ನಮ್ಮ ತೋಟದ ತೆರೆದ ಬಾವಿ ಹಳ್ಳದ ದಡದಲ್ಲೇ ಇದೆ. ಮೇಲೆ ಬಡಾವಣೆಯಾದ ಮೇಲೆ ರಾತ್ರಿ ಟ್ಯಾಂಕರ್‌ಗಳು ಹಳ್ಳಕ್ಕೆ ಶೌಚಗುಂಡಿಯ ಕೊಳೆ ಸುರಿದು ಹೋಗುತ್ತಿವೆ. ಬಾವಿ ನೀರು ಮಾತ್ರ ತಿಳಿಯಾಗಿದೆ. ಪರೀಕ್ಷೆಯಲ್ಲಿ ನೈಟ್ರೇಟ್ ಲೀಟರಿಗೆ 110 ಮಿಲಿಗ್ರಾಂ ಬಂತು. ಮೊಮ್ಮಗುವಿಗೆ ನಾಲ್ಕು ತಿಂಗಳು. ಅದೇ ನೀರನ್ನು ಚೆನ್ನಾಗಿ ಕುದಿಸಿ ಹಾಲಿನ ಪುಡಿ ಕಲಸುತ್ತಿದ್ದೇವೆ.

ಜಲತಜ್ಞ: ಅಮ್ಮಾ, ಇವತ್ತೇ ನಿಲ್ಲಿಸಿ. ಮಿತಿ ಇರುವುದು 45. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿದು ಇನ್ನೂ ದಟ್ಟವಾಗುತ್ತದೆ. ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅದು ಅಡ್ಡಿ. ತುಟಿ, ಉಗುರು ನೀಲಿಗಟ್ಟಿದಂತೆ ಕಂಡರೆ ಆಸ್ಪತ್ರೆಗೆ ಓಡಿ. ಹಾಲಿಗೆ ಸದ್ಯ ಬೇರೆ ಮೂಲದ, ಪರೀಕ್ಷೆಯಾದ ನೀರು ತನ್ನಿ.

ಇನ್ನು ಹಳ್ಳ. ನೈಟ್ರೇಟ್ ಗೊಬ್ಬರದಿಂದಲೂ ಬರಬಹುದು, ಆದ್ದರಿಂದ ಟ್ಯಾಂಕರ್ ಮೇಲೆ ಈಗಲೇ ತೀರ್ಪು ಬೇಡ. ಕ್ಲೋರೈಡ್ ಮತ್ತು ಮಲದಲ್ಲಿರುವ ಬ್ಯಾಕ್ಟೀರಿಯಾ ಇ. ಕೋಲಿಯನ್ನೂ ನೋಡಿಸಿ, ಮೂರೂ ಒಟ್ಟಿಗೆ ಏರಿದ್ದರೆ ಶೌಚದ ಕೊಳೆಯ ಮೇಲೇ ಸಂಶಯ. ಕೊಳೆ ಸುರಿಯುವ ಜಾಗದ ಮೇಲೊಂದು, ಕೆಳಗೊಂದು, ಬಾವಿಯದೊಂದು, ಹೀಗೆ ಒಂದೇ ದಿನ ಮೂರು ಮಾದರಿ ಬೇಕು. ಇ. ಕೋಲಿಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ, ತಂಪಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಮೀಟರ್ ಸಿಕ್ಕರೆ ಹಳ್ಳದುದ್ದಕ್ಕೂ ನಡೆಯುತ್ತಾ ಅಳೆಯಿರಿ. ಅಂಕಿ ಎಲ್ಲಿ ದಿಢೀರನೆ ಜಿಗಿಯುತ್ತದೋ ಅಲ್ಲಿ ಏನೋ ಸೇರುತ್ತಿದೆ. ಫೋಟೊ, ದಿನಾಂಕ, ಹೊತ್ತು ಬರೆದಿಡಿ. ಇವಿಲ್ಲದ ದೂರು ಮೇಜಿನ ಮೇಲೇ ಮಲಗುತ್ತದೆ.

ರಾಜಾಜಿನಗರದ ಸದಸ್ಯ: ಬಂದದ್ದನ್ನು ಹಂಚುತ್ತಿದ್ದೇನೆ: “ತಾಮ್ರದ ಬಿಂದಿಗೆಗೆ ನುಗ್ಗೆಬೀಜದ ಪುಡಿ, ತುಳಸಿ ಹಾಕಿ ರಾತ್ರಿಯಿಡೀ ಇಡಿ. ಸಕಲ ವಿಷವೂ ಮಾಯ!”

ಜಲತಜ್ಞ: ನುಗ್ಗೆಬೀಜ ಕದಡಿದ ನೀರಿನ ಮಣ್ಣನ್ನು ಕೂರಿಸುತ್ತದೆ. ತಾಮ್ರ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ನೈಟ್ರೇಟ್ ಇದಾವುದಕ್ಕೂ ಜಗ್ಗುವುದಿಲ್ಲ. ಮೇಲೆ ಕೂಸಿನ ವಿಷಯ ಓದಿಯೂ ಇದನ್ನು ಹಾಕಿದಿರಾ? ಅಳಿಸಿ.

ರಾಜಾಜಿನಗರದ ಸದಸ್ಯ: ನಮ್ಮ ಹಿರಿಯರು ಪ್ರಯೋಗಾಲಯಕ್ಕೆ ಹೋಗುತ್ತಿದ್ದರೇ?

ಜಲತಜ್ಞ: ಅವರ ಹಳ್ಳಕ್ಕೆ ಟ್ಯಾಂಕರ್ ಬರುತ್ತಿರಲಿಲ್ಲ.

ಜಯನಗರದ ಸದಸ್ಯ: ನೀಲಗಿರಿ ನೆಟ್ಟು ನದಿ ಕೊಂದದ್ದು ರೈತರೇ ಅಂತಾಯಿತು.

ನೆಲಮಂಗಲದ ಸದಸ್ಯ: ಆಳು ಸಿಗದೆ, ರಾಗಿಗೆ ಬೆಲೆಯಿಲ್ಲದೆ ನೆಟ್ಟೆವು ಸ್ವಾಮಿ. ನೀವು ತೊರೆಕಾಡನಹಳ್ಳಿಯಿಂದ ಕಾವೇರಿ ಎತ್ತಿಸಿಕೊಂಡು ಕಾರು ತೊಳೆಯುತ್ತೀರಿ.

ಜಯನಗರದ ಸದಸ್ಯ: ಬಿಲ್ಲು ಕಟ್ಟಿ ತೊಳೆಯುತ್ತೇವೆ. ನಿಮ್ಮ ಪಂಪ್‌ಸೆಟ್ಟಿನ ಕರೆಂಟು ಪುಕ್ಕಟೆ.

ನೆಲಮಂಗಲದ ಸದಸ್ಯ: ನಮ್ಮ ಹೊಲ ಕೊಂಡು ಬಡಾವಣೆ ಮಾಡಿದವರು ಯಾವ ಊರಿನವರೋ?

ಜಲತಜ್ಞ: ಜಗಳಕ್ಕೆ ಬೇರೆ ಗುಂಪು ಮಾಡಿಕೊಳ್ಳಿ. ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಹಳೆಯ ಬೊಡ್ಡೆ ಕಿತ್ತವರಿದ್ದರೆ ಹೇಳಿ, ಅದು ಕೇಳಬೇಕಾದ ಸಂಗತಿ.

ಹೆಬ್ಬಾಳದ ಸದಸ್ಯೆ: ಆರ್‌ಒ ನೀರು ಒಳ್ಳೆಯದೇ ಸರ್?

ಜಲತಜ್ಞ: ಮೇಲೆ ಓದಿ.

ಮಾಗಡಿ ರಸ್ತೆಯ ಸದಸ್ಯ: ಸರ್, ನನ್ನ ಸೈಟು?

ನೆಲಮಂಗಲದ ಸದಸ್ಯ: ಬೊಡ್ಡೆ ಕೀಳಲು ಜೆಸಿಬಿ ಬಾಡಿಗೆ ಜಯನಗರದವರು ಕೊಡುತ್ತಾರಂತೆಯೇ?

ದೊಡ್ಡಬಳ್ಳಾಪುರ ಕಡೆಯ ಸದಸ್ಯೆ: ಮಗುವಿಗೆ ಬೇರೆ ನೀರು ತರಿಸಿದೆವು. ನಾಳೆ ಬೆಳಿಗ್ಗೆ ಮಾದರಿ ತೆಗೆಯುತ್ತೇವೆ. ಐಸ್ ಪೆಟ್ಟಿಗೆ ಇಲ್ಲ, ಮೀನಿನ ಅಂಗಡಿಯ ಥರ್ಮೋಕೋಲ್ ಡಬ್ಬ ಆದೀತೇ?

ಜಲತಜ್ಞ: ಆದೀತು. ಸೋಪು ಹಾಕಿ ತೊಳೆದು ಒಣಗಿಸಿ. ಬಾಟಲಿಯ ಮುಚ್ಚಳ ಕರಗಿದ ಐಸಿನಲ್ಲಿ ಮುಳುಗದಿರಲಿ.