12 ಮೊಬೈಲ್ ಸಾಲಾಗಿಟ್ಟು ಫ್ರೀಜ್ ಶಾಟ್: ಧೀಂಗಿಣ ಹಾರುವಾಗ ಕೈ ಹಿಂದೆಮುಂದೆ ಜಿಗಿಯುತ್ತಿದೆ

ಕಡಲತಡಿ:
ಕಿರುಚಿತ್ರಕ್ಕೆ ಒಂದು ಶಾಟ್ ಬೇಕಾಗಿದೆ. ತೆಂಕುತಿಟ್ಟು ಯಕ್ಷಗಾನದ ಪುಂಡುವೇಷದ (ಚುರುಕಿನ ತರುಣ ವೀರನ ಪಾತ್ರ) ಹುಡುಗ ಧೀಂಗಿಣ (ಸುತ್ತುತ್ತಾ ನೆಗೆಯುವ ಕುಣಿತ) ಹಾರುತ್ತಾನೆ, ಗಾಳಿಯಲ್ಲಿದ್ದಾಗಲೇ ಎಲ್ಲ ನಿಂತುಬಿಡುತ್ತೆ, ಕ್ಯಾಮೆರಾ ಮಾತ್ರ ಅವನ ಸುತ್ತ ಸರಿಯುತ್ತೆ. ದುಡ್ಡಿಲ್ಲ, ಗೆಳೆಯರ ಫೋನುಗಳಿವೆ. 12 ಫೋನುಗಳನ್ನು ಸುಮಾರು 120 ಡಿಗ್ರಿ ಕಮಾನಿನಲ್ಲಿ, ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ, ಎಲ್ಲದರಲ್ಲೂ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ವಿಡಿಯೊ ಹಾಕಿ, ಚಪ್ಪಾಳೆ ಸದ್ದಿಗೆ ಸಿಂಕ್ ಮಾಡಿದ್ವಿ. ಒಂದೊಂದು ಫ್ರೇಮ್ ತೆಗೆದು ಜೋಡಿಸಿದರೆ ಮುಖ ಪರವಾಗಿಲ್ಲ, ಕೈ ಮತ್ತು ಸೋಗೆವಲ್ಲಿಯ (ವೇಷದ ಇಳಿಬಿಟ್ಟ ಬಟ್ಟೆ) ತುದಿ ಮಾತ್ರ ಹಿಂದೆಮುಂದೆ ಜಿಗಿಯುತ್ತೆ. ಬಣ್ಣವೂ ಫೋನಿಗೊಂದು ತರ. ಏನು ಮಾಡಬಹುದು?

ಶಟರ್‌ಸುಬ್ಬ:
ಇಷ್ಟೆಲ್ಲ ಯಾಕೆ? ಒಂದೇ ಫೋನು, 240 ಎಫ್‌ಪಿಎಸ್. ಉದ್ದ ಕೋಲಿನ ತುದಿಗೆ ಕಟ್ಟಿ ಹುಡುಗನ ಸುತ್ತ ಬೀಸಿ. ಅರ್ಧ ಸೆಕೆಂಡಲ್ಲಿ ಕಾಲು ಸುತ್ತು ಹೊಡೆದರೆ 120 ಫ್ರೇಮ್ ಸಿಗುತ್ತೆ, 24ರಲ್ಲಿ ಓಡಿಸಿದರೆ ಐದು ಸೆಕೆಂಡ್.

ಎಡಿಟ್‌ಕೋಣೆ:
ಸುಬ್ಬ, ಅದು ನಿಂತವನಿಗೆ ಸರಿ, ಹಾರಿದವನಿಗಲ್ಲ. ಅರ್ಧ ಸೆಕೆಂಡಲ್ಲಿ ಅವನು ಮೇಲೆ ಹೋಗಿ ಕೆಳಗೆ ಬಂದೇ ಬಿಡುತ್ತಾನೆ. ಅದು ಸ್ಲೋ ಮೋಷನ್ ಆಗುತ್ತೆ, ಫ್ರೀಜ್ ಅಲ್ಲ. ಜೊತೆಗೆ ಅಷ್ಟು ಜೋರಾಗಿ ಬೀಸಿದರೆ ರೋಲಿಂಗ್ ಶಟರ್‌ನಿಂದ (ಫೋನು ಚಿತ್ರವನ್ನು ಒಮ್ಮೆಲೇ ಅಲ್ಲ, ಸಾಲುಸಾಲಾಗಿ ಹಿಡಿಯೋದು) ಹಿಂದಿನ ಕಂಬಗಳೆಲ್ಲ ವಾಲುತ್ತವೆ. ಇನ್ನು ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಮನೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. 240ರಲ್ಲಿ ಶೂಟ್ ಮಾಡಿದರೆ ಆ ಮಿಣುಕು ಪೂರ್ತಿ ಕಾಣುತ್ತೆ.

ಬೆಳಕಿನವ:
ಕಡಲತಡಿ ಅವರೇ, ತೊಂದರೆ ಚಪ್ಪಾಳೆಯದ್ದಲ್ಲ. 30 ಎಫ್‌ಪಿಎಸ್ ಅಂದರೆ ಎರಡು ಫ್ರೇಮ್ ನಡುವೆ 33 ಮಿಲಿಸೆಕೆಂಡ್. ಎಷ್ಟು ನಿಖರವಾಗಿ ಜೋಡಿಸಿದರೂ ಎರಡು ಫೋನಿನ ಹತ್ತಿರದ ಫ್ರೇಮುಗಳಲ್ಲಿ 16 ಮಿಲಿಸೆಕೆಂಡಿನವರೆಗೆ ವ್ಯತ್ಯಾಸ ಉಳಿಯಬಹುದು. ಹಾರುವವನ ಕೈ ಸೆಕೆಂಡಿಗೆ 5 ಮೀಟರ್ ಓಡುತ್ತಿದ್ದರೆ ಅಷ್ಟರಲ್ಲೇ 8 ಸೆಂಟಿಮೀಟರ್ ಸರಿದಿರುತ್ತೆ. ನಿಮಗೆ ಕಾಣುತ್ತಿರೋದು ಅದೇ. ಮುಖ ನಿಧಾನ, ಆದ್ದರಿಂದ ಬಚಾವ್.

ಹಗಲಲ್ಲೇ ಬೇಕು ಅಂದರೆ ಎಲ್ಲ ಫೋನೂ 240 ಎಫ್‌ಪಿಎಸ್‌ಗೆ ಹಾಕಿ, ಬಿಸಿಲಲ್ಲಿ ಶೂಟ್ ಮಾಡಿ. ತಪ್ಪು ಹೆಚ್ಚೆಂದರೆ 1 ಸೆಂಟಿಮೀಟರ್‌ಗೆ ಇಳಿಯುತ್ತೆ.

ನನ್ನ ಸಲಹೆ ಬೇರೆ: ಕ್ಯಾಮೆರಾಗಳನ್ನು ಸಿಂಕ್ ಮಾಡೋದನ್ನೇ ಬಿಡಿ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಛಾಯಾಗ್ರಾಹಕ ಮೈಬ್ರಿಜ್ 12 ಕ್ಯಾಮೆರಾ ಸಾಲಾಗಿಟ್ಟು, ಓಡುವ ಕುದುರೆಯ ದಾರಿಗೆ ದಾರ ಕಟ್ಟಿ ಶಟರ್ ಬೀಳಿಸಿದ. ಅವನಿಗೆ ಒಂದಾದ ಮೇಲೊಂದು ಬೀಳಬೇಕಿತ್ತು. ನಿಮಗೆ ಎಲ್ಲವೂ ಒಂದೇ ಗಳಿಗೆಯದ್ದು ಬೇಕು. ಆ ಗಳಿಗೆಯನ್ನು ಶಟರ್ ಆರಿಸಬೇಕಿಲ್ಲ, ಫ್ಲ್ಯಾಷ್ ಆರಿಸಲಿ.

ಕತ್ತಲ ಕೋಣೆ. ಎಲ್ಲ ಫೋನೂ ಪ್ರೊ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಕಟ್ಟುವ ಮೋಡ್), ಶಟರ್ 4 ಸೆಕೆಂಡ್. ಒಬ್ಬರು ಎಣಿಸುತ್ತಿದ್ದಂತೆ ಎಲ್ಲರೂ ಒತ್ತಲಿ, ಅರ್ಧ ಸೆಕೆಂಡ್ ಆಚೀಚೆ ಆದರೂ ಚಿಂತೆಯಿಲ್ಲ. ಎಲ್ಲ ಶಟರ್ ತೆರೆದಿರುವಾಗ ಹುಡುಗ ಹಾರಲಿ, ಫ್ಲ್ಯಾಷ್ ಒಂದೇ ಸಲ ಹೊಡೆಯಲಿ. ಆ ಬೆಳಕು ಹನ್ನೆರಡೂ ಸೆನ್ಸರ್ ಮೇಲೆ ಒಟ್ಟಿಗೇ ಬೀಳುತ್ತೆ. ಸೆನ್ಸರ್ ಪೂರ್ತಿ ತೆರೆದಿರೋದರಿಂದ ರೋಲಿಂಗ್ ಶಟರ್ ಕಾಟವೂ ಇಲ್ಲ. ಬೆಳಕು ಒಂದೇ ಮೂಲದ್ದು, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಕೂಡ ಒಂದೇ ಅಂಕಿಗೆ ಕಟ್ಟಿದರೆ ಬಣ್ಣದ ಜಗಳ ಬಹುಪಾಲು ಅಲ್ಲೇ ಮುಗಿಯುತ್ತೆ.

ಫ್ಲ್ಯಾಷನ್ನು ಪೂರ್ಣ ಶಕ್ತಿಗೆ ಹಾಕಬೇಡಿ. ಸ್ಪೀಡ್‌ಲೈಟಿನ (ಕ್ಯಾಮೆರಾ ಮೇಲೆ ಕೂರಿಸುವಂಥ ಫ್ಲ್ಯಾಷ್) ಶಕ್ತಿ ಇಳಿಸಿದಷ್ಟೂ ಮಿಂಚು ಗಿಡ್ಡವಾಗುತ್ತೆ. 1/8ರ ಆಸುಪಾಸಿನಲ್ಲಿಟ್ಟು, ಬೆಳಕು ಸಾಲದಿದ್ದರೆ ಇನ್ನೆರಡು ಫ್ಲ್ಯಾಷ್ ಬಾಡಿಗೆಗೆ ತಂದು ಆಪ್ಟಿಕಲ್ ಸ್ಲೇವ್‌ನಲ್ಲಿಡಿ (ಮುಖ್ಯ ಫ್ಲ್ಯಾಷಿನ ಬೆಳಕು ಕಂಡೊಡನೆ ಅವೂ ಹೊಡೆಯುತ್ತವೆ). ಮುಖ್ಯ ಫ್ಲ್ಯಾಷನ್ನು ಟೆಸ್ಟ್ ಬಟನ್ ಒತ್ತಿಯೇ ಹೊಡೆಯಬಹುದು, ಟ್ರಿಗರ್ ಕೂಡ ಬೇಡ.

ಕಡಲತಡಿ:
ಇದು ಹೊಳೆದೇ ಇರಲಿಲ್ಲ! ಆದರೆ ಕತ್ತಲಲ್ಲಿ ಹಾರಿಸೋದು ಅಂದರೆ ಹುಡುಗನ ಕಾಲಿನ ಚಿಂತೆ. ಫ್ಲ್ಯಾಷ್ ಹೊಡೆಯುವವನಿಗೂ ಏನೂ ಕಾಣಲ್ಲ. ಎರಡು ಐಫೋನೂ ಇವೆ.

ಬೆಳಕಿನವ:
ಐಫೋನ್ ಪಕ್ಕಕ್ಕಿಡಿ. ಅದರ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ವೇಗ ನಮ್ಮ ಕೈಗೆ ಸಿಗಲ್ಲ. ಬದಲಿಗೆ ಯಾರದ್ದಾದರೂ ಹಳೇ ಡಿಎಸ್‌ಎಲ್‌ಆರ್ ತಂದರೂ ನಡೆಯುತ್ತೆ.

ನೆಲಕ್ಕೆ ದಪ್ಪ ಚಾಪೆ ಹಾಕಿ, ಅಂಚಿಗೆ ಕತ್ತಲಲ್ಲಿ ತಾನೇ ಹೊಳೆಯುವ ರೇಡಿಯಂ ಟೇಪ್ ಅಂಟಿಸಿ, ಹಾರುವ ಜಾಗ ಅವನಿಗೆ ಕಾಣಲಿ. ಸುತ್ತು ಹಾಕೋದು ಬೇಡ, ನಿಂತಲ್ಲಿಂದ ಒಂದೇ ನೆಗೆತ. ಅವನೇ ಬೇಡ ಅಂದರೆ ಈ ವಿಧಾನ ಬಿಟ್ಟು ಬಿಸಿಲಿನ 240ಕ್ಕೇ ಹೋಗಿ.

ಸಮಯಕ್ಕೆ ಚೆಂಡೆ ಇದೆಯಲ್ಲ! ಪೆಟ್ಟಿಗೆ ಸರಿಯಾಗಿ ಅವನು ನೆಗೆಯಲಿ, ನೀವು ಪೆಟ್ಟು ಕೇಳಿದ ಕಾಲು ಸೆಕೆಂಡಿಗೆ ಹೊಡೆಯಿರಿ. 40 ಸೆಂಟಿಮೀಟರ್ ನೆಗೆತದ ತುದಿ ಸುಮಾರು 0.28 ಸೆಕೆಂಡಿಗೆ ಬರುತ್ತೆ, ಅಲ್ಲಿ ಮೈ ಹೆಚ್ಚುಕಮ್ಮಿ ನಿಂತೇ ಇರುತ್ತೆ, ಕೊಂಚ ಮುಂಚೆ ಹೊಡೆದರೂ ಭಂಗಿ ಕೆಡಲ್ಲ. ಬೆರಳಿಗೆ ಲೆಕ್ಕ ಬೇಕಿಲ್ಲ, ಲಯ ಸಾಕು.

ಶುರು ಮಾಡೋ ಮುಂಚೆ ಅದೇ ಸೆಟ್ಟಿಂಗ್‌ನಲ್ಲಿ ಫ್ಲ್ಯಾಷ್ ಇಲ್ಲದೆ ಒಂದು ಫೋಟೊ ತೆಗೆಯಿರಿ. ಆ ರೇಡಿಯಂ ಟೇಪ್ ಬಿಟ್ಟರೆ ಪೂರ್ತಿ ಕಪ್ಪಾಗಿರಬೇಕು. ಬೇರೇನಾದರೂ ಕಂಡರೆ ಹುಡುಗನ ಮೈ ಸುತ್ತ ದೆವ್ವದ ನೆರಳು ಬರುತ್ತೆ. ಬಾಗಿಲ ಸಂದಿ, ಇನ್ವರ್ಟರ್ ದೀಪ, ಫೋನುಗಳದ್ದೇ ಪರದೆ, ಎಲ್ಲಕ್ಕೂ ಕಪ್ಪು ಟೇಪು.

ಎಡಿಟ್‌ಕೋಣೆ:
ಕಮಾನು ಕೂಡ ಕಿರಿದು ಮಾಡಿ. 120 ಡಿಗ್ರಿಗೆ 12 ಫೋನು ಅಂದರೆ ಒಂದೊಂದರ ನಡುವೆ ಸುಮಾರು 11 ಡಿಗ್ರಿ, ಅಲ್ಲಿ ನಡುವಿನ ಫ್ರೇಮ್ ಹುಟ್ಟಿಸಲು ಯಾವ ಸಾಫ್ಟ್‌ವೇರ್ ಬಂದರೂ ಕೈ ಕರಗಿಹೋಗುತ್ತೆ. 45 ಡಿಗ್ರಿಗೆ ಇಳಿಸಿ, 4 ಡಿಗ್ರಿ ಅಂತರ ಬರುತ್ತೆ. ಮೂರು ಮೀಟರ್ ದೂರದಲ್ಲಿ ಫೋನಿಂದ ಫೋನಿಗೆ 21 ಸೆಂಟಿಮೀಟರ್, ಎರಡು ಬೆಂಚು ಸಾಕು. ಹಿಂದೆ ಕಪ್ಪು ಬಟ್ಟೆ.

ನಡುವೆ ಒಂದು ಕೋಲು ನಿಲ್ಲಿಸಿ, ಅದರಿಂದ ಹಗ್ಗ ಎಳೆದು ಕಮಾನು ಬರೆಯಿರಿ. ಕೋಲಿಗೆ ಮೇಲೊಂದು ಕೆಳಗೊಂದು ಟೇಪ್ ಗುರುತು. ಎಲ್ಲ ಫೋನಿಂದಲೂ ಆ ಕೋಲಿನ ಫೋಟೊ ತೆಗೆದಿಟ್ಟುಕೊಂಡು, ಫೋಕಸ್ ಕೂಡ ಅದರ ಮೇಲೇ ಕಟ್ಟಿ. ಆಮೇಲೆ ರಿಸಾಲ್ವ್ ಅಥವಾ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಎರಡು ಗುರುತೂ ಒಂದೇ ಜಾಗಕ್ಕೆ ಬರುವಂತೆ ಪ್ರತಿ ಚಿತ್ರ ಸರಿಸಿ, ತಿರುಗಿಸಿ, ಹಿಗ್ಗಿಸಿ. ಬೇರೆ ಬೇರೆ ಕಂಪನಿ ಫೋನುಗಳ ಅಳತೆ ವ್ಯತ್ಯಾಸ ಇದರಲ್ಲೇ ಸರಿಹೋಗುತ್ತೆ, ಅಂಚಲ್ಲಿ ಸ್ವಲ್ಪ ಕ್ರಾಪ್ ಆಗುತ್ತೆ ಅಷ್ಟೆ. 12 ಚಿತ್ರ 24ರಲ್ಲಿ ಓಡಿದರೆ ಅರ್ಧ ಸೆಕೆಂಡ್. ಆಪ್ಟಿಕಲ್ ಫ್ಲೋ ಹಾಕಿ ನಡುವೆ ಮೂರು ಮೂರು ಫ್ರೇಮ್ ಹುಟ್ಟಿಸಿದರೆ ಎರಡು ಸೆಕೆಂಡಿನ ಹತ್ತಿರ ಹೋಗುತ್ತೆ.

ಕಡಲತಡಿ:
ನಿನ್ನೆ ರಾತ್ರಿ ಮಾಡಿದ್ವಿ. ಕೈ ಈಗ ಕಲ್ಲಿನ ತರ ನಿಂತಿದೆ, ಸೋಗೆವಲ್ಲಿಯ ತುದಿ ಕೂಡ! ಹುಡುಗನಿಗೂ ಕಷ್ಟ ಆಗಲಿಲ್ಲ. ಎರಡು ಪ್ರಶ್ನೆ ಉಳಿದಿವೆ. ಭುಜಕೀರ್ತಿಯ (ಭುಜದ ಆಭರಣ) ಕನ್ನಡಿ ಚೂರುಗಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಫಳ್ಳನೆ ಹೊಳೆಯುತ್ತವೆ. ಮತ್ತೆ, ರಂಗಸ್ಥಳದ ವಿಡಿಯೊದಿಂದ ಈ ಕಪ್ಪು ಹಿನ್ನೆಲೆಗೆ ಹೋಗೋದು ಹೇಗೆ?

ಎಡಿಟ್‌ಕೋಣೆ:
ಹೊಳಪು ಬಿಡಿ, ಕ್ಯಾಮೆರಾ ನಿಜವಾಗಿ ಸರಿದರೂ ಕನ್ನಡಿ ಹಾಗೇ ಮಿಂಚುತ್ತೆ. ಒಂದೇ ಚಿತ್ರದಲ್ಲಿ ಮುಖವನ್ನೇ ನುಂಗುತ್ತಿದ್ದರೆ ಅದನ್ನು ಮಾತ್ರ ತೆಗೆದು, ಆ ಜಾಗಕ್ಕೂ ಫ್ಲೋ ಹಾಕಿ.

ಜೋಡಣೆಗೆ ರಂಗಸ್ಥಳದ ಶಾಟನ್ನು ಮೊದಲ ಫೋನಿನ ಕೋನದಿಂದಲೇ ತೆಗೆಯಿರಿ. ಕಾಲು ನೆಲ ಬಿಟ್ಟ ಮೇಲೆ ಕತ್ತರಿಸಿ, ನಡುವೆ ಎರಡು ಫ್ರೇಮ್ ಬಿಳಿ ಇಟ್ಟು, ಚೆಂಡೆ ಸದ್ದನ್ನು ಅಲ್ಲೇ ಥಟ್ಟನೆ ನಿಲ್ಲಿಸಿ. ನೆಲಕ್ಕಿಳಿಯೋ ಶಾಟ್ ಕೊನೆಯ ಫೋನಿನ ಕೋನದಿಂದ.