ಪದಚರ್ಚೆ: ಜಪಾನಿ ಅಕ್ಷರ ‘ಓದಲು ಸುಲಭ’ ಎನ್ನಲು ಪದ ಒಂದೋ ಮೂರೋ?

ಮಾನ್ಯರೇ,

ಜಪಾನಿ ಲಿಪಿಯ ಪ್ರದರ್ಶನದ ಫಲಕಕ್ಕೆ ನಾಳೆ ಬೆಳಿಗ್ಗೆಯೊಳಗೆ ಪದ ಬೇಕೆಂದು ಕೇಳಿದ್ದೀರಿ. ಮೂಲದಲ್ಲಿರುವ ‘ಶಿನಿನ್‌ಸೇ’, ‘ಹಂದೊಕುಸೇ’, ‘ಕದೊಕುಸೇ’ ಮೂರಕ್ಕೂ ‘ಸ್ಪಷ್ಟತೆ’ ಎಂದೇ ಹಾಕಿ ಎಂಬ ಸಲಹೆಯನ್ನು ದಯವಿಟ್ಟು ಕೈಬಿಡಿ. ಅದು ಅನುವಾದವಲ್ಲ, ಅವಸರ.

ಮೊದಲನೆಯದು ಕಣ್ಣಿಗೆ ಬೀಳುವ ಮಾತು. 1963ರಲ್ಲಿ ಜಪಾನಿನ ಮೇಶಿನ್ ಹೆದ್ದಾರಿಯ ಮೊದಲ ಭಾಗ ತೆರೆದಾಗ ರಸ್ತೆ ಫಲಕಗಳಿಗೆಂದೇ ಬೇರೆ ಅಕ್ಷರ ರೂಪಿಸಿದರು. ಮಿತಾಕಾ ಎಂಬ ಊರಿನ ಹೆಸರಿನಲ್ಲಿ ಗಿಡುಗ ಎಂಬರ್ಥದ ಕಾಂಜಿ (ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರ) ಇದೆ. ಅದಕ್ಕೆ 24 ಗೆರೆ. ವೇಗವಾಗಿ ಸಾಗುವವರಿಗೆ ಅದು ಬರಿಯ ಮಸಿಯ ಮುದ್ದೆ. ಆದ್ದರಿಂದ ಒಳಗಿನ ಗೆರೆಗಳಲ್ಲಿ ಕೆಲವನ್ನು ತೆಗೆದೇಬಿಟ್ಟರು. 2010ರ ನಂತರವಷ್ಟೇ ಹೊಸ ಫಲಕಗಳಿಗೆ ಪೂರ್ಣ ರೂಪದ ಅಕ್ಷರ ಬಂತು.

ಎರಡನೆಯದು ಒಂದನ್ನು ಇನ್ನೊಂದೆಂದು ತಪ್ಪಾಗಿ ಓದದಿರುವುದು. ಉಚ್ಚಾರವನ್ನಷ್ಟೇ ಬರೆಯುವ ಕತಕಾನ ಲಿಪಿಯ ‘ಶಿ’ಗೂ ‘ತ್ಸು’ಗೂ ಎರಡು ಚಿಕ್ಕ ಗೀಟು, ಒಂದು ಉದ್ದನೆಯ ಬಾಗು. ‘ಶಿ’ಯಲ್ಲಿ ಗೀಟುಗಳು ಎಡಕ್ಕೆ ಒಂದರ ಕೆಳಗೊಂದು, ‘ತ್ಸು’ವಿನಲ್ಲಿ ಮೇಲೆ ಅಕ್ಕಪಕ್ಕ. ಸಣ್ಣ ಅಚ್ಚಿನಲ್ಲಿ ನಮ್ಮ ‘ಪ’ ‘ಫ’ಗಳ ಪಾಡೇ ಅವುಗಳದ್ದೂ.

ಮೂರನೆಯದು ಇಡೀ ಸಾಲನ್ನು ಎಡವದೆ ಓದಿಸುವ ಗುಣ. ಈ ವಾಕ್ಯ ನೋಡಿ: ‘ಹಹ ವ ಹನ ಗ ಸುಕಿ’, ಅಮ್ಮನಿಗೆ ಹೂ ಇಷ್ಟ. ಆ ‘ವ’ ಪ್ರತ್ಯಯವನ್ನು ಬರೆಯುವುದು ‘ಹ’ ಅಕ್ಷರದಲ್ಲೇ. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇಲ್ಲ. ಉಚ್ಚಾರವನ್ನಷ್ಟೇ ಬರೆಯುವ ಇನ್ನೊಂದು ಲಿಪಿ ಹಿರಗಾನ. ಬರೀ ಅದರಲ್ಲಿ ಬರೆದರೆ ಸಾಲಾಗಿ ನಾಲ್ಕು ‘ಹ’! ಒಂದೊಂದು ಅಕ್ಷರವೂ ನಿಚ್ಚಳ, ಆದರೂ ಓದು ಮುಗ್ಗರಿಸುತ್ತದೆ. ಅಮ್ಮ, ಹೂ ಎರಡನ್ನೂ ಕಾಂಜಿಯಲ್ಲಿ ಬರೆದೊಡನೆ ಪದಗಳು ತಾವಾಗಿಯೇ ಬೇರೆಯಾಗುತ್ತವೆ. ಕಷ್ಟದ ಲಿಪಿಯೆಂದು ಹೆಸರಾದದ್ದೇ ಇಲ್ಲಿ ಓದನ್ನು ಹಗುರ ಮಾಡುತ್ತದೆ. ಇದನ್ನು ‘ಸ್ಪಷ್ಟತೆ’ಯಲ್ಲಿ ಹೇಗೆ ಹೇಳುತ್ತೀರಿ?

‘ವಾಚನೀಯತೆ’ಯೂ ಬೇಡ. ವಾಕ್ ಎಂದರೆ ಮಾತು. ವಾಚನ ಬಾಯಿಯ ಕೆಲಸ. ‘ಓದು’ ಕೂಡ ಮೊದಲಿಗೆ ಪಠಿಸುವುದೇ ಆಗಿತ್ತು, ತಮಿಳಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ, ಒಪ್ಪುತ್ತೇನೆ. ಆದರೆ ಕನ್ನಡದಲ್ಲಿ ಅದು ಎಂದೋ ಕಣ್ಣಿನ ಕೆಲಸವಾಗಿದೆ. ‘ಮನಸ್ಸಿನಲ್ಲೇ ಓದಿಕೊಂಡ’ ಎನ್ನುತ್ತೇವೆ. ‘ಮನಸ್ಸಿನಲ್ಲೇ ವಾಚಿಸಿದ’ ಎಂದು ಯಾರೂ ಹೇಳುವುದಿಲ್ಲ.

ಇನ್ನು, ‘ಜಪಾನೀಯರಂತೆ ನಾವೂ ಅಚ್ಚ ನುಡಿಯಲ್ಲೇ ಪದ ಕಟ್ಟೋಣ’ ಎಂದವರಿಗೆ: ಆ ಮೂರೂ ಪದಗಳು ಚೀನೀ ಬೇರಿನವು. ‘ಓದಲು ಸುಲಭವಾಗಿರುವಿಕೆ’ ಎಂಬರ್ಥದ ಅಚ್ಚ ಜಪಾನಿಯ ‘ಯೋಮಿಯಾಸುಸಾ’ ಅವುಗಳ ಪಕ್ಕದಲ್ಲೇ ಸುಖವಾಗಿ ಬಾಳುತ್ತಿದೆ. ಸಂಸ್ಕೃತವನ್ನು ಹೊರಗಟ್ಟುವುದಕ್ಕೆ ಜಪಾನನ್ನು ಸಾಕ್ಷಿಗೆ ಕರೆಯಬೇಡಿ. ಎರವಲು ಪದದ ಮೇಲೆ ನನಗೆ ಮುನಿಸಿಲ್ಲ. ಫಲಕದ ಮುಂದೆ ನಿಂತ ಶಾಲೆಯ ಹುಡುಗಿಗೆ ತಿಳಿಯದ ಪದ ಯಾವ ಬೇರಿನದಾದರೂ ಮುನಿಸಿದೆ.

ಹೀಗೆ ಹಾಕಿ: ‘ಎದ್ದುಕಾಣುವಿಕೆ’, ‘ಗುರುತು ಹತ್ತುವಿಕೆ’, ‘ಸರಾಗ ಓದು’. ನಾಮಪದ ಒಗ್ಗದ ಕಡೆ ಕ್ರಿಯಾಪದವನ್ನೇ ಬಳಸಿ: ‘ದೂರದಿಂದಲೇ ಕಾಣುತ್ತದೆ’, ‘ಎಡವದೆ ಓದಬಹುದು’. ಕಾಂಜಿಗೆ ‘ಚಿತ್ರಲಿಪಿ’ ಎಂದು ಬರೆದಿದ್ದರೆ ಅದನ್ನೂ ಹೊಡೆದುಹಾಕಿ. ಗಿಡುಗದ ಆ ಅಕ್ಷರದಲ್ಲಿ ಕೆಳಗಿರುವುದು ಹಕ್ಕಿ. ಮೇಲಿರುವ ಭಾಗ ಉಚ್ಚಾರದ ಸುಳಿವು, ಬರಿಯ ಚಿತ್ರವಲ್ಲ.